ಮಗುಚಿ ನೋಡದ ಕಲ್ಲು

ಜುಲೈ ತಿಂಗಳಲ್ಲಿ ಗ್ರೀಸ್‌ನ ದಕ್ಷಿಣ ಭಾಗದ ಪೆಲೊಪೊನೀಸ್‌ನ ಬೆಟ್ಟದ ಅಂಚಿನಿಂದ ಸೂರ್ಯ ಮೇಲೆ ಬಂದ ಮೇಲೆ ಸುಮಾರು ಒಂದು ಗಂಟೆ ಹೊತ್ತು ಬಿಸಿಲು ಕಲ್ಲಿನ ಮೈಯನ್ನು ಓರೆಯಾಗಿ ಸವರುತ್ತದೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಯಾವನೋ ಒಬ್ಬ ಕಲ್ಲುಕುಟಿಗ ಹಾಕಿದ ಉಳಿಯ ಏಟುಗಳು ಆ ಒಂದು ಗಂಟೆಯಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ. ಎಡಗಡೆಯಿಂದ ಕೆತ್ತಿಕೊಂಡು ಬಂದನೇ ಬಲಗಡೆಯಿಂದಲೇ, ಎಲ್ಲಿ ಕೈ ಬದಲಾಯಿಸಿದ, ಎಲ್ಲಿ ಉಳಿ ಮೊಂಡಾಯಿತು ಎಂಬುದೂ ತಿಳಿಯುತ್ತದೆ. ಹತ್ತು ಗಂಟೆಗೆ ಬಂದು ನೋಡಿದರೆ ಅದೇ ಕಲ್ಲು ಬೋಳು. ಅದಕ್ಕೇ ನಾವು ಆರು ಗಂಟೆಗೆಲ್ಲ ಜಾಗದಲ್ಲಿರುತ್ತೇವೆ.

ಹತ್ತೊಂಬತ್ತು ಬೇಸಿಗೆಗಳಿಂದ ಇದೇ ನನ್ನ ಕೆಲಸ. ಉತ್ಖನನ ತಂಡದ ವಾಸ್ತುಶಿಲ್ಪಿ ನಾನು. ಅಗೆಯುವವರು ಬೇರೆ, ಮಡಕೆ ಚೂರು ಓದುವವರು ಬೇರೆ, ಶಾಸನ ಓದುವವರು ಬೇರೆ. ನನ್ನ ಪಾಲಿಗೆ ಬರುವುದು ಬಿದ್ದ ಕಟ್ಟಡ. ಒಂದೊಂದು ಕಲ್ಲನ್ನೂ ಅಳೆದು, ಬರೆದು, ಅದು ಕಟ್ಟಡದ ಯಾವ ಜಾಗದಲ್ಲಿ ಕೂತಿತ್ತು ಎಂದು ಹೇಳಬೇಕು.

ನಮ್ಮಪ್ಪ ಹಾಸನದ ಕಡೆ ಮನೆ ಕಟ್ಟುವ ಮೇಸ್ತ್ರಿ. ಗ್ರೀಸ್‌ನಲ್ಲಿ ನಮ್ಮ ತಂಡದ ಹಿರಿಯ ಕಲ್ಲುಕೆಲಸಗಾರರನ್ನು ಎಲ್ಲರೂ 'ಮಾಸ್ತೊರಾ' ಎಂದು ಕರೆಯುವುದನ್ನು ಮೊದಲ ದಿನ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಆಮೇಲೆ ತಿಳಿಯಿತು, ಎರಡು ಪದಗಳ ಬೇರೂ ಒಂದೇ. ಲ್ಯಾಟಿನ್‌ನ 'ಮಗಿಸ್ತೆರ್' ಪೋರ್ಚುಗೀಸರ ಬಾಯಲ್ಲಿ 'ಮೆಸ್ತ್ರೆ' ಆಗಿ ನಮ್ಮೂರಿಗೆ ಬಂತು, ಇನ್ನೊಂದು ದಾರಿಯಲ್ಲಿ ಗ್ರೀಕರ ಊರಿಗೂ ಹೋಯಿತು. 'ಆರ್ಕಿಟೆಕ್ಟ್' ಎಂಬ ಮಾತೂ ಹಾಗೆಯೇ. ಗ್ರೀಕ್‌ನ 'ತೆಕ್ತೋನ್' ಎಂದರೆ ಬಡಗಿ, ನಮ್ಮ ಸಂಸ್ಕೃತದ 'ತಕ್ಷ'ನಿಗೆ ದಾಯಾದಿ. ಬಡಗಿಗಳ ಹಿರಿಯನೇ ಆರ್ಕಿಟೆಕ್ಟ್. ಡೋರಿಕ್ ಎಂಬ ಹಳೆಯ ಗ್ರೀಕ್ ಶೈಲಿಯ ದೇಗುಲದಲ್ಲಿ ಕಲ್ಲಿನ ತೊಲೆಯ ಮೇಲಂಚಿನ ಪಟ್ಟಿಯ ಕೆಳಗೆ ಮರದ ಗೂಟದಂಥ ಚಿಕ್ಕಚಿಕ್ಕ ಮೊಟ್ಟುಗಳನ್ನು ಸಾಲಾಗಿ ಕೆತ್ತಿರುವುದನ್ನು ನೋಡಿದಾಗೆಲ್ಲ ಈ ಬಡಗಿ ನೆನಪಾಗುತ್ತಾನೆ.

ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುವಾಗ ನಮ್ಮನ್ನು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಅಳತೆಯ ನಕ್ಷೆ ಬರೆಯಲು ಕರೆದುಕೊಂಡು ಹೋಗಿದ್ದರು. ನನ್ನ ಪಾಲಿಗೆ ಬಂದದ್ದು ಒಂದೇ ಒಂದು ಕಂಬ. ನಾಲ್ಕು ದಿನ ಅದರ ಮುಂದೆ ಕೂತೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಹೀಗೆ ಕೂತಿದೆಯಲ್ಲ, ಕೂರಿಸಿದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಮುಂದೆ ವಿದ್ಯಾರ್ಥಿವೇತನ ಸಿಕ್ಕಿ ಯೂರೋಪಿಗೆ ಸಂರಕ್ಷಣೆ ಓದಲು ಹೋದಾಗ ಪ್ರಾಧ್ಯಾಪಕರೊಬ್ಬರು ಬೇಸಿಗೆಗೆ ಕೈಯಲ್ಲಿ ನಕ್ಷೆ ಬರೆಯಬಲ್ಲವರು ಬೇಕು ಎಂದರು. ಆರು ವಾರಕ್ಕೆಂದು ಹೋದವರು ನಾವು ಮೂವರು. ಉಳಿದಿಬ್ಬರು ಮುಂದಿನ ವರ್ಷ ಬರಲಿಲ್ಲ. ನಾನು ಹೋದೆ, ಅದರ ಮುಂದಿನ ವರ್ಷವೂ ಹೋದೆ.

ಹಣದ ಮಾತನ್ನೂ ಆಡಿಬಿಡುತ್ತೇನೆ, ಕೇಳಿ ಬರೆಯುವ ಹುಡುಗ ಹುಡುಗಿಯರು ಬಹಳ ಇದ್ದಾರೆ. ಬರೀ ಇದರಲ್ಲಿ ಹೊಟ್ಟೆ ತುಂಬುವುದಿಲ್ಲ. ಸೀಸನ್ ಇರುವುದು ವರ್ಷಕ್ಕೆ ಆರರಿಂದ ಎಂಟು ವಾರ. ಊಟ, ವಸತಿ, ಪ್ರಯಾಣದ ಖರ್ಚು ಕೊಡುತ್ತಾರೆ, ಮೇಲೆ ಒಂದಿಷ್ಟು ಗೌರವಧನ. ಉಳಿದ ಹತ್ತು ತಿಂಗಳು ಮೈಸೂರಿನಲ್ಲಿ ಹಳೆ ಮನೆಗಳ ದುರಸ್ತಿ ನೋಡಿಕೊಂಡು, ಸಂಜೆ ಗ್ರೀಸ್‌ನ ನಕ್ಷೆ ತಿದ್ದಿಕೊಂಡು ಇರುತ್ತೇನೆ. ಗ್ರೀಸ್‌ನಲ್ಲಿ ಭಾರತದ ಪುರಾತತ್ತ್ವ ಶಾಲೆ, ಎಂದರೆ ಸಂಶೋಧನಾ ಸಂಸ್ಥೆ, ಇಲ್ಲ. ಅಗೆಯಲು ಅಪ್ಪಣೆ ಕೊಡುವುದು ಅಲ್ಲಿನ ಸಂಸ್ಕೃತಿ ಸಚಿವಾಲಯ. ಹೊರದೇಶದ ತಂಡಗಳಿಗೆ ಅದು ಸಿಗುವುದು ಅವರವರ ಶಾಲೆಗಳ ಮೂಲಕ. ಅಮೆರಿಕನ್ನರ ಶಾಲೆ 1881ರಿಂದ ಅಥೆನ್ಸ್‌ನಲ್ಲಿದೆ, ಬ್ರಿಟಿಷರದು 1886ರಿಂದ. ನಮ್ಮಂಥವರು ಇನ್ನೊಬ್ಬರ ತಂಡದೊಳಗೆ ಸೇರಿಕೊಂಡೇ ಹೋಗಬೇಕು. ಒಂದು ವರ್ಷ ಒಂದು ಕಚೇರಿಯಿಂದ ಒಂದೇ ಒಂದು ಪತ್ರ ತಡವಾಗಿ, ನನ್ನ ವೀಸಾ ಕೈಗೆ ಬರುವ ಹೊತ್ತಿಗೆ ತಂಡ ಗುಡಾರ ಮಡಚುತ್ತಿತ್ತು. ಆ ಬೇಸಿಗೆಯ ಸಂಕಟ ಇನ್ನೂ ಹೋಗಿಲ್ಲ.

ಕೆಲಸಕ್ಕೆ ಬರುತ್ತೇನೆ.

ಒಂದು ಕಲ್ಲನ್ನು ಬರೆಯುವುದೆಂದರೆ ಅದರ ಆರೂ ಮೈಗಳನ್ನು ಬರೆಯುವುದು. 1:10ರ ಪ್ರಮಾಣದಲ್ಲಿ, ಡ್ರಾಫ್ಟಿಂಗ್ ಫಿಲ್ಮ್ ಮೇಲೆ, ಗಟ್ಟಿ ಪೆನ್ಸಿಲಿನಲ್ಲಿ. ರಸಮಟ್ಟ, ತೂಗುಗುಂಡು, ಮೂಲೆಮಟ್ಟ, ಎರಡು ಉಕ್ಕಿನ ಅಳತೆಪಟ್ಟಿ, ಮೆತ್ತನೆಯ ಬ್ರಷ್, ಬಿದಿರಿನ ಕಡ್ಡಿ, ಇವಿಷ್ಟು ಚೀಲದಲ್ಲಿರುತ್ತವೆ. ದೂರ, ಕೋನ ಅಳೆಯುವ ಟೋಟಲ್ ಸ್ಟೇಷನ್ ಇದೆ, ಡ್ರೋನ್ ಇದೆ, ನೂರಾರು ಫೋಟೋ ಜೋಡಿಸಿ ಮೂರು ಆಯಾಮದ ಮಾದರಿ ಮಾಡುವ ತಂತ್ರಾಂಶವೂ ಇದೆ. ಎಲ್ಲವನ್ನೂ ಬಳಸುತ್ತೇನೆ. ಇಡೀ ಬಯಲಿನ ನಕ್ಷೆಗೆ ಮೊದಲು ಮೂರು ವಾರ ಬೇಕಾಗುತ್ತಿತ್ತು, ಈಗ ಎರಡು ದಿನ ಸಾಕು. ಆದರೆ ಕಲ್ಲು ಬರೆಯುವಾಗ ಪೆನ್ಸಿಲ್ ಬಿಟ್ಟಿಲ್ಲ. ಕ್ಯಾಮೆರಾ ಎಲ್ಲವನ್ನೂ ಒಂದೇ ಸಮ ನೋಡುತ್ತದೆ, ಕುಳಿಯಲ್ಲಿ ತುಂಬಿದ ಮಣ್ಣನ್ನೂ ಕಲ್ಲೆಂದೇ ಎಣಿಸುತ್ತದೆ. ಗೆರೆ ಎಳೆಯಬೇಕಾದವಳು ಮಾತ್ರ 'ಇದು ಉಳಿಯ ಗುರುತೋ, ನೇಗಿಲು ತಾಗಿದ ಗುರುತೋ' ಎಂದು ಒಂದೊಂದು ಕಡೆಯೂ ತೀರ್ಮಾನ ಮಾಡಿಕೊಂಡೇ ಮುಂದೆ ಹೋಗಬೇಕು.

ಏನೇನು ಹುಡುಕುತ್ತೇವೆ? ಮೊದಲು ಕಲ್ಲು ಕಲ್ಲು ಕೂಡುವ ಪಕ್ಕದ ಮೈ. ಗ್ರೀಕ್ ಕುಟಿಗರು ಆ ಮೈಯನ್ನು ಪೂರ್ತಿ ನುಣುಪು ಮಾಡುತ್ತಿರಲಿಲ್ಲ. ಅಂಚಿನ ಒಂದು ಪಟ್ಟಿಯನ್ನು ಮಾತ್ರ ಕನ್ನಡಿಯಂತೆ ತಿದ್ದಿ, ನಡುವಿನ ಭಾಗವನ್ನು ಚಾಣದಿಂದ ಕೊಂಚ ತಗ್ಗಿಸಿ ಒರಟಾಗಿಯೇ ಬಿಡುತ್ತಿದ್ದರು. ಎರಡು ಕಲ್ಲುಗಳ ಅಂಚಿನ ಪಟ್ಟಿಗಳು ಮಾತ್ರ ತಾಗುವುದರಿಂದ ಹೊರಗಿನ ಸಂದಿ ಕೂದಲೆಳೆಯಷ್ಟೂ ಕಾಣುವುದಿಲ್ಲ. ನೋಡಲು ಬಾಗಿಲ ಚೌಕಟ್ಟಿನಂತಿರುವುದರಿಂದ ಇದಕ್ಕೆ ಅನಾಥಿರೋಸಿಸ್ ಎಂದು ಹೆಸರು. 'ಥಿರಾ' ಎಂದರೆ ಬಾಗಿಲು.

ಆಮೇಲೆ ಕೊಂಡಿಯ ಕುಳಿಗಳು. ಗಾರೆ ಇಲ್ಲದ ಕಟ್ಟಡದಲ್ಲಿ ಅಕ್ಕಪಕ್ಕದ ಕಲ್ಲುಗಳನ್ನು ಕಬ್ಬಿಣದ ಕೊಂಡಿ ಹಾಕಿ, ಸುತ್ತ ಸೀಸ ಕರಗಿಸಿ ಹೊಯ್ದು ಬಂಧಿಸುತ್ತಿದ್ದರು. ಡಮರುಗದ ಆಕಾರದ ಕುಳಿ ಹೆಚ್ಚಾಗಿ ಹಳೆಯ ಕಟ್ಟಡಗಳದು. ಬುಡಕ್ಕೆ ಬುಡ ಸೇರಿಸಿಟ್ಟ ಎರಡು 'ಟಿ' ಅಕ್ಷರದಂಥದ್ದು ಕ್ರಿ.ಪೂ. 5ನೆಯ ಶತಮಾನದ ಅಥೆನ್ಸ್‌ಗೆ ಪ್ರಿಯವಾದದ್ದು. ಎರಡೂ ತುದಿ ಕೆಳಕ್ಕೆ ಮಡಚಿದ ಕೊಂಡಿ 4ನೆಯ ಶತಮಾನದಿಂದೀಚೆಗೆ ಹೆಚ್ಚು. ಇವು ಒಂದರ ಕಾಲದೊಳಗೆ ಇನ್ನೊಂದು ನುಗ್ಗಿರುತ್ತವೆ, ಆದ್ದರಿಂದ ಕೊಂಡಿಯೊಂದನ್ನೇ ನಂಬಿ ಕಾಲ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಲೋಹ ಮಾತ್ರ ಬಹುತೇಕ ಎಲ್ಲಿಯೂ ಉಳಿದಿಲ್ಲ. ನಂತರದ ಶತಮಾನಗಳಲ್ಲಿ ಸೀಸ, ಕಬ್ಬಿಣದ ಆಸೆಗೆ ಕಲ್ಲು ಕೊರೆದು ಕಿತ್ತುಕೊಂಡು ಹೋಗಿದ್ದಾರೆ.

ನನಗೆ ಎಲ್ಲಕ್ಕಿಂತ ಪ್ರೀತಿ ಹಾರೆಯ ಕುಳಿ. ಬೆರಳು ಗಾತ್ರದ, ಒಂದು ಕಡೆ ಇಳಿಜಾರಾದ ಸಣ್ಣ ಹಳ್ಳ. ಮೇಲಿನ ವರಸೆಯ ಕಲ್ಲನ್ನು ಪಕ್ಕದ ಕಲ್ಲಿಗೆ ಒತ್ತಿ ಕೂರಿಸಲು ಕೆಳಗಿನ ಕಲ್ಲಿನಲ್ಲಿ ಹಾರೆಗೆ ಒಂದು ಒದೆತ ಬೇಕಲ್ಲ, ಅದಕ್ಕಾಗಿ ತೋಡಿದ್ದು. ಅದು ಎಲ್ಲಿದೆ ಎಂದು ನೋಡಿದರೆ ಈಗ ಇಲ್ಲವೇ ಇಲ್ಲದ ಮೇಲಿನ ಕಲ್ಲು ಎಲ್ಲಿಗೆ ಮುಗಿಯುತ್ತಿತ್ತು, ಗೋಡೆಯನ್ನು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಕಟ್ಟಿಕೊಂಡು ಹೋದರು ಎಂದು ತಿಳಿಯುತ್ತದೆ. ಒಂದು ಗೋಡೆಯ ಎರಡೂ ತುದಿಯಿಂದ ಕುಳಿಗಳು ಒಳಮುಖವಾಗಿದ್ದರೆ ಎರಡು ಗುಂಪು ಎರಡು ಕಡೆಯಿಂದ ಕಟ್ಟಿಕೊಂಡು ಬಂದು ನಡುವೆ ಕೂಡಿಕೊಂಡವು ಎಂದರ್ಥ. ಆ ಕೊನೆಯ ಕಲ್ಲನ್ನು ಮೇಲಿನಿಂದ ಇಳಿಬಿಡಬೇಕು, ಪಕ್ಕದಿಂದ ನೂಕುವಂತಿಲ್ಲ. ಅದರ ಹೆಸರೇ ಕೊನೆಗಲ್ಲು ಎಂದಿಟ್ಟುಕೊಂಡಿದ್ದೇನೆ. ಅದು ಸಿಕ್ಕ ದಿನ ಊಟ ರುಚಿಸುತ್ತದೆ.

ಈ ಓದನ್ನು ಕಲಿಸಿದವರಲ್ಲಿ ಹೆಚ್ಚಿನವರು ನನಗಿಂತ ಬಹಳ ಮುಂಚೆ ಬದುಕಿ ಹೋದವರು. ಇಂಗ್ಲಿಷ್ ವಾಸ್ತುಶಿಲ್ಪಿ ಫ್ರಾನ್ಸಿಸ್ ಪೆನ್ರೋಸ್ 1846–47ರಲ್ಲಿ ಅಥೆನ್ಸ್‌ನ ಪಾರ್ಥೆನಾನ್ ದೇಗುಲವನ್ನು ಅಳೆದರು. ಅದರ ನೆಲಗಟ್ಟು ಸಮತಟ್ಟಲ್ಲ, ಉದ್ದದ ಬದಿಯಲ್ಲಿ ನಡುಭಾಗ ಸುಮಾರು 11 ಸೆಂ.ಮೀ., ಗಿಡ್ಡ ಬದಿಯಲ್ಲಿ ಸುಮಾರು 6 ಸೆಂ.ಮೀ. ಉಬ್ಬಿದೆ ಎಂದು ಲೆಕ್ಕ ಸಮೇತ ತೋರಿಸಿದ್ದು ಅವರ ಅಳತೆ. 69.5 ಮೀಟರ್ ಉದ್ದದಲ್ಲಿ 11 ಸೆಂ.ಮೀ.! ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಮೆಟ್ಟಿಲಿನ ಒಂದು ತುದಿಯಲ್ಲಿ ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದು ಇನ್ನೊಂದು ತುದಿ ನೋಡಿದರೆ ಮಾತ್ರ ನಡುವೆ ದಿಬ್ಬ ಎದ್ದಂತಿರುತ್ತದೆ. ಆ ಉಬ್ಬು ಮೇಲಿನ ಎಲ್ಲ ಕಲ್ಲಿಗೂ ಏರಿಹೋಗಿದೆ, ಕಂಬಗಳೂ ಒಳಕ್ಕೆ ಕೊಂಚ ವಾಲಿವೆ. ಅಂದರೆ ಒಂದು ಜಾಗಕ್ಕೆ ಕೆತ್ತಿದ ಕಲ್ಲು ಇನ್ನೊಂದು ಜಾಗಕ್ಕೆ ಸರಿಯಾಗಿ ಕೂರದು. ಬಿದ್ದ ಕಲ್ಲಿಗೆ ಅದರದೇ ಜಾಗ ಹುಡುಕಿಕೊಡಲು ಸಾಧ್ಯವಾಗುವುದೂ ಈ ಮಿಲಿಮೀಟರುಗಳಿಂದಲೇ.

ವಿಲ್ಹೆಲ್ಮ್ ಡೋರ್ಪ್‌ಫೆಲ್ಡ್ ಬರ್ಲಿನ್‌ನಲ್ಲಿ ಕಟ್ಟಡ ವಿದ್ಯೆ ಕಲಿತು 1877ರಲ್ಲಿ ಒಲಿಂಪಿಯಾಕ್ಕೆ ಬಂದರು, 1882ರಿಂದ ಟ್ರಾಯ್‌ನಲ್ಲಿ ಆ ಊರನ್ನು ಅಗೆಯುತ್ತಿದ್ದ ಶ್ಲೀಮನ್ ಜೊತೆ ಕೆಲಸ ಮಾಡಿದರು. ಮಣ್ಣಿನ ಪದರ ಮತ್ತು ಗೋಡೆಯನ್ನು ಒಟ್ಟಿಗೆ ಓದುವುದು ಅಲ್ಲಿ ಬೇರೂರಿದ್ದು ಈ ವಾಸ್ತುಶಿಲ್ಪಿಯಿಂದ. ಕಟ್ಟಡದ ಅಂಚುಗಳಲ್ಲಿ ಅಲಂಕಾರಕ್ಕೆ ಕೆತ್ತಿದ ಪಟ್ಟಿಗಳ (ಮೋಲ್ಡಿಂಗ್) ತಿರುವನ್ನು ಮುಟ್ಟಿ ಅಳೆದು ಊರೂರು ಸುತ್ತಿದ ಅಮೆರಿಕದ ವಿದ್ವಾಂಸೆ ಲೂಸಿ ಶೂ 1936ರಲ್ಲಿ ಅವನ್ನೆಲ್ಲ ಪ್ರಕಟಿಸಿದರು. ಇವತ್ತಿಗೂ ನನ್ನ ಕೈಗೆ ಒಂದು ತಿರುವಿನ ಚೂರು ಸಿಕ್ಕರೆ ಮೊದಲು ಹೋಲಿಸುವುದು ಅವರ ಗೆರೆಗಳ ಜೊತೆ. ಇನ್ನು ಗ್ರೀಕ್ ವಾಸ್ತುಶಿಲ್ಪಿ ಮನೋಲಿಸ್ ಕೊರೆಸ್ ಅವರ ಕೈನಕ್ಷೆಗಳನ್ನು ಮೊದಲ ಸಲ ನೋಡಿದ ದಿನ ನನ್ನದನ್ನೆಲ್ಲ ಮತ್ತೆ ಬರೆಯಬೇಕು ಅನ್ನಿಸಿತ್ತು. ಚದುರಿ ಬಿದ್ದ ಕಲ್ಲುಗಳ ಗುರುತಿನಿಂದಲೇ ಪಾರ್ಥೆನಾನ್‌ನ ಪೂರ್ವ ಗೋಡೆಯಲ್ಲಿ ಬಾಗಿಲ ಎರಡೂ ಪಕ್ಕ ಕಿಟಕಿಗಳಿದ್ದವೆಂದು ಅವರು ತೋರಿಸಿಕೊಟ್ಟರು. ಶತಮಾನಗಳಿಂದ ಜನ ನೋಡುತ್ತಿದ್ದ ಕಟ್ಟಡದಲ್ಲಿ ಎರಡು ಕಿಟಕಿ!

ನನ್ನ ತಪ್ಪಿನ ಕಥೆ ಈಗ.

ನಮ್ಮ ಜಾಗದಲ್ಲಿ ಕ್ರಿ.ಪೂ. 4ನೆಯ ಶತಮಾನದ ಒಂದು ಸಣ್ಣ ಡೋರಿಕ್ ದೇಗುಲವಿತ್ತು. ಇತ್ತು ಎನ್ನುವುದಷ್ಟೇ. ಅಡಿಪಾಯ ಉಳಿದಿದೆ, ಕಂಬ ಒಂದೂ ಇಲ್ಲ. ಸುಣ್ಣಕಲ್ಲಿನ ಕಟ್ಟಡ. ಪಕ್ಕದಲ್ಲೇ ಹಳೆಯ ಸುಣ್ಣದ ಗೂಡೊಂದು ಸಿಕ್ಕಿದ್ದರಿಂದ ಕಂಬಗಳು ಎಲ್ಲಿಗೆ ಹೋದವೆಂದು ಯಾರೂ ಹೇಳಬೇಕಾಗಿರಲಿಲ್ಲ. ಮಿಕ್ಕ ಕಲ್ಲುಗಳು ಆಲಿವ್ ತೋಟದ ಏರಿಗಳಲ್ಲಿ ಸೇರಿಹೋಗಿದ್ದವು. ಅಂಥ ಒಂದು ಏರಿಯಿಂದ ಬಂದದ್ದು 47ನೆಯ ನಂಬರಿನ ಕಲ್ಲು. ಮುಂಭಾಗ ಒಡೆದಿತ್ತು, ಪಕ್ಕದ ಮೈಗಳಲ್ಲಿ ಅನಾಥಿರೋಸಿಸ್ ಸೊಗಸಾಗಿತ್ತು, ಎತ್ತರ ನಾವು ಅದಾಗಲೇ ಗುರುತಿಸಿದ್ದ ಗೋಡೆಕಲ್ಲುಗಳಷ್ಟೇ. ಆ ವರ್ಷ ಎತ್ತುವ ಸಲಕರಣೆ ಬೇರೆ ಕಡೆ ಹೋಗಿತ್ತು. ಕಾಣುವ ಐದು ಮೈ ಬರೆದೆ. ಅಡಿಯದನ್ನು ಖಾಲಿ ಬಿಟ್ಟು, 'ಗೋಡೆಕಲ್ಲು' ಎಂದು ಬರೆದು ಮುಂದೆ ಹೋದೆ. ಮರುಜೋಡಣೆಯ ನಕ್ಷೆಯಲ್ಲಿ ಮೂರನೆಯ ವರಸೆಯಲ್ಲಿ ಕೂರಿಸಿದೆ. ಆ ನಕ್ಷೆಯನ್ನು ತಂಡದವರು ಒಪ್ಪಿದರು, ಒಂದು ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ್ದೂ ಆಯಿತು. ನಾಲ್ಕು ವರ್ಷ ಆ ಕಲ್ಲು ಹಾಗೆಯೇ ಬಿದ್ದಿತ್ತು, ನಾನು ಅದರ ಮೇಲೆ ಕೂತು ಎಷ್ಟೋ ಸಲ ಕಾಫಿ ಕುಡಿದಿದ್ದೇನೆ.

ಐದನೆಯ ವರ್ಷ ಜಾಗ ಹಸನು ಮಾಡುವಾಗ ಅದನ್ನು ಸರಿಸಬೇಕಾಯಿತು. ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಮೆತ್ತನೆಯ ಪಟ್ಟಿ ಸುತ್ತಿದರು. ನಮ್ಮ ಮಾಸ್ತೊರಾ ಕಲ್ಲಿನ ಪಕ್ಕ ಅಂಗೈ ಇಟ್ಟುಕೊಂಡೇ ನಿಂತಿದ್ದರು. "ಕಿರ್ಯಾ, ಸಿಗಾ ಸಿಗಾ" ಎಂದರು. ಅಮ್ಮಾ, ನಿಧಾನ, ನಿಧಾನ. ಕಲ್ಲು ಮಗುಚಿತು. ಅಡಿಯಲ್ಲಿ ಕೆಮ್ಮಣ್ಣು ಅಂಟಿತ್ತು. ಬ್ರಷ್‌ನಲ್ಲಿ ಒರೆಸಿ, ನೀರು ಚಿಮುಕಿಸಿದೆ. ಒದ್ದೆ ಕಲ್ಲಿನ ಮೇಲೆ ಬಣ್ಣದ ವ್ಯತ್ಯಾಸ ನಿಧಾನವಾಗಿ ಕಾಣಿಸಿಕೊಂಡಿತು. ಒಂದು ಕಡೆ ಮಳೆ ಗಾಳಿಗೆ ಸವೆದು ಒರಟಾದ ಮೈ, ಇನ್ನೊಂದು ಕಡೆ ನಿನ್ನೆ ಕೆತ್ತಿದಂಥ ತಾಜಾ ಮೈ. ಎರಡರ ನಡುವಿನ ಗೆರೆ ನೇರವಾಗಿರಲಿಲ್ಲ. ಬಾಗಿತ್ತು. ಬಾಗಿನ ಉದ್ದಕ್ಕೂ ಸಣ್ಣ ಸಣ್ಣ ಕಮಾನುಗಳಿದ್ದವು, ಹೂವಿನ ಎಸಳುಗಳ ಒಳಬಾಗಿನಂತೆ.

ಡೋರಿಕ್ ಕಂಬಕ್ಕೆ ಪೀಠವಿರುವುದಿಲ್ಲ, ನೇರ ನೆಲಗಟ್ಟಿನ ಮೇಲೆಯೇ ನಿಲ್ಲುತ್ತದೆ. ಕಂಬದ ಕೆಳಗೆ ಮುಚ್ಚಿದ್ದಷ್ಟು ಕಲ್ಲು ಸವೆಯದೆ ಉಳಿಯುತ್ತದೆ. ನಾನು ನೋಡುತ್ತಿದ್ದದ್ದು ಇಲ್ಲವಾದ ಕಂಬದ ಹೆಜ್ಜೆ. ಗೋಡೆಕಲ್ಲು ಎಂದು ನಾನು ಬರೆದಿಟ್ಟದ್ದು ಕಂಬ ಹೊತ್ತ ನೆಲಗಟ್ಟಿನ ಕಲ್ಲು, ಅದೂ ತಲೆಕೆಳಗಾಗಿ ಬಿದ್ದದ್ದು. ನಮ್ಮಪ್ಪ ಹೇಳುತ್ತಿದ್ದರು, ಗುಂಡು ಬಿಡದೆ ಗೋಡೆ ನೆಟ್ಟಗಿದೆ ಅನ್ನಬೇಡ ಅಂತ. ನಾನು ಐದು ಮೈ ನೋಡಿ ಆರನೆಯದನ್ನು ಊಹಿಸಿದ್ದೆ. ನಾಚಿಕೆಯಾಯಿತು. ಅಷ್ಟೇ ಸಂತೋಷವೂ ಆಯಿತು, ಯಾಕೆಂದರೆ ಆ ದೇಗುಲದ ಕಂಬದ ಬಗ್ಗೆ ಆವರೆಗೆ ನಮಗೆ ಒಂದು ಅಂಕಿಯೂ ಸಿಕ್ಕಿರಲಿಲ್ಲ.

ಅಳತೆ ಮಾಡಿದ ಬಗೆ ಹೇಳುತ್ತೇನೆ. ಕಂಬದ ಉದ್ದಕ್ಕೂ ಇಳಿಯುವ ತೋಡುಗಳ ನಡುವಿನ ಏಣುಗಳು ಕಲ್ಲಿನ ಮೇಲೆ ಚೂಪು ತುದಿಗಳಾಗಿ ಕಾಣುತ್ತಿದ್ದವು. ಐದು ತುದಿ ಚೆನ್ನಾಗಿದ್ದವು, ಅಂದರೆ ನಾಲ್ಕು ತೋಡು. ಮೊದಲ ತುದಿಯಿಂದ ಐದನೆಯದಕ್ಕೆ ನೇರ ಅಳೆದರೆ 60 ಸೆಂ.ಮೀ. ಆ ನೇರ ಗೆರೆಯ ನಡುವಿನಿಂದ ಮೂರನೆಯ ತುದಿಗೆ, ಎಂದರೆ ಬಾಗಿನ ಎತ್ತರ, 9.75 ಸೆಂ.ಮೀ. ಇಷ್ಟಿದ್ದರೆ ಸಾಕು, ಹೈಸ್ಕೂಲಿನ ರೇಖಾಗಣಿತ. ಆ ನೇರ ಗೆರೆಯ (ಜ್ಯಾ) ಅರ್ಧದ ವರ್ಗಕ್ಕೆ ಬಾಗಿನ ಎತ್ತರದ ವರ್ಗ ಕೂಡಿಸಿ, ಬಾಗಿನ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸುಮಾರು 51 ಸೆಂ.ಮೀ. ಅಂದರೆ ಕಂಬದ ಬುಡದ ವ್ಯಾಸ 1.02 ಮೀಟರ್. ಅಕ್ಕಪಕ್ಕದ ತುದಿಗಳ ಅಂತರ 16 ಸೆಂ.ಮೀ. ಇತ್ತು. ಈ ವ್ಯಾಸದ ಕಂಬಕ್ಕೆ 20 ತೋಡು ಇದ್ದರೆ ಬರಬೇಕಾದದ್ದೂ ಅಷ್ಟೇ, ಡೋರಿಕ್ ಕಂಬಕ್ಕೆ ವಾಡಿಕೆಯ ಲೆಕ್ಕವೂ 20.

ಆದರೆ ಬಾಗಿನ ಎತ್ತರದಲ್ಲಿ 1 ಮಿ.ಮೀ. ಹೆಚ್ಚುಕಡಿಮೆಯಾದರೆ ವ್ಯಾಸ 8 ಮಿ.ಮೀ.ಗೂ ಹೆಚ್ಚು ಬದಲಾಗುತ್ತದೆ. ಸವೆದ ಕಲ್ಲಿನ ಗೆರೆ ಎಲ್ಲಿದೆ ಎಂದು 1 ಮಿ.ಮೀ. ಒಳಗೆ ಹೇಳುವುದು ಕಷ್ಟ. ಮೂರು ಬೆಳಿಗ್ಗೆ ಅದೇ ಓರೆ ಬಿಸಿಲಿನಲ್ಲಿ, ಮೂರು ಬೇರೆ ಬೇರೆ ಜನ, ಒಬ್ಬರದು ಇನ್ನೊಬ್ಬರಿಗೆ ಹೇಳದೆ ಅಳೆದೆವು. ಮೂವರ ಅಂಕಿಗಳನ್ನೂ ಪ್ರಕಟಿಸುವುದೆಂದು ನಿಶ್ಚಯಿಸಿದೆವು, ಸರಾಸರಿಯೊಂದನ್ನೇ ಕೊಟ್ಟು ಸುಮ್ಮನಾಗಲಿಲ್ಲ. ಕಂಬದ ಎತ್ತರದ ಮಾತು ಬಂದಾಗಲೂ ಅಷ್ಟೇ ಎಚ್ಚರಿಕೆ. ಪೆಲೊಪೊನೀಸ್‌ನಲ್ಲೇ ಇರುವ, ಅದೇ ಶತಮಾನದ ನೆಮೆಯಾದ ಜ್ಯೂಸ್ ದೇಗುಲದಲ್ಲಿ ಕಂಬದ ಎತ್ತರ ಬುಡದ ವ್ಯಾಸದ ಆರು ಪಟ್ಟಿಗೂ ಮಿಕ್ಕಿದೆ. ನಮ್ಮದು ಅದಕ್ಕಿಂತ ಬಹಳ ಚಿಕ್ಕ ಗುಡಿ. ಐದೂವರೆಯಿಂದ ಆರೂವರೆ ಮೀಟರಿನ ನಡುವೆ ಇದ್ದಿರಬಹುದು ಎಂದು ಬರೆದು, ನಕ್ಷೆಯಲ್ಲಿ ಕಂಬದ ಮೇಲ್ಭಾಗವನ್ನು ಚುಕ್ಕೆಗೆರೆಯಲ್ಲಿ ಬಿಟ್ಟೆ. ಹಳೆಯ ನಕ್ಷೆಯನ್ನು ತಪ್ಪೆಂದು ಹೆಸರಿಸಿ ತಿದ್ದುಪಡಿ ಕಳಿಸಿದೆ.

ನೆಮೆಯಾಕ್ಕೆ ಪ್ರತಿ ವರ್ಷ ಒಂದು ಭಾನುವಾರ ಹೋಗುತ್ತೇನೆ. ಪ್ರಾಚೀನ ಕಾಲದಿಂದ ನಿಂತೇ ಇದ್ದದ್ದು ಮೂರು ಕಂಬ. ಬಿದ್ದ ಕಂಬಗಳ ದುಂಡು ಕಲ್ಲಿನ ಬಿಲ್ಲೆಗಳಿಗೆ ಅವುಗಳದೇ ಜಾಗ ಹುಡುಕಿ ಎತ್ತಿ ನಿಲ್ಲಿಸಿದ ಮೇಲೆ ಈಗ ಒಂಬತ್ತು. ಹೀಗೆ ಬಿದ್ದ ಕಲ್ಲನ್ನೇ ಮತ್ತೆ ನಿಲ್ಲಿಸುವುದಕ್ಕೆ ಅನಸ್ತಿಲೋಸಿಸ್ ಎನ್ನುತ್ತಾರೆ. ಅದು ನಕ್ಷೆ ಬರೆಯುವವರ ಮೇಲೆ ಹಾಕುವ ಹೊಣೆ ದೊಡ್ಡದು. ಪಾರ್ಥೆನಾನ್ ಇರುವ ಗುಡ್ಡ ಅಕ್ರೊಪೊಲಿಸ್‌ನಲ್ಲಿ ಎಂಜಿನಿಯರ್ ನಿಕೊಲಾಸ್ ಬಲಾನೋಸ್ 1898ರಿಂದ ಹಲವು ದಶಕ ಕಂಬಗಳನ್ನೆತ್ತಿ ನಿಲ್ಲಿಸಿದರು. ಎಷ್ಟೋ ಕಡೆ ಕಲ್ಲು ತನ್ನ ಜಾಗಕ್ಕೆ ಹೋಗಲಿಲ್ಲ, ಬಳಸಿದ ಕಬ್ಬಿಣಕ್ಕೆ ಸೀಸದ ಹೊದಿಕೆಯೂ ಇರಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು. ಹಳೆಯ ಗ್ರೀಕರು ಸೀಸ ಹೊಯ್ದದ್ದು ಯಾಕೆಂದು ಆ ಸೀಳುಗಳನ್ನು ಕಣ್ಣಾರೆ ಕಂಡಾಗ ಅರ್ಥವಾಗುತ್ತದೆ. 1975ರಲ್ಲಿ ರಚನೆಯಾದ ಸಮಿತಿಯ ಕೆಳಗೆ ಆ ಕಬ್ಬಿಣವನ್ನೆಲ್ಲ ತೆಗೆದು ಟೈಟೇನಿಯಂ ಹಾಕುತ್ತಾ ಬಂದಿದ್ದಾರೆ. ಮುಂದೆ ಭೂಕಂಪವಾದರೆ ಕಲ್ಲು ಒಡೆಯುವ ಮುಂಚೆ ಕೊಂಡಿ ಸೋಲಲಿ ಎಂದು ಆ ಬಂಧಗಳ ಬಲವನ್ನು ಲೆಕ್ಕ ಹಾಕಿ ಇಡುತ್ತಾರೆ.

ಒಂದು ಸಲ ಮಾತ್ರ ಗ್ರೀಸ್ ದಾಟಿ ಇಂದಿನ ಟರ್ಕಿಯ ದಿದಿಮಾಕ್ಕೆ ಹೋದೆ. ಅಲ್ಲಿನ ಅಪೋಲೋ ದೇಗುಲ ಮುಗಿಯಲೇ ಇಲ್ಲ. ಆದ್ದರಿಂದ ಗೋಡೆಗೆ ಕೊನೆಯ ನುಣುಪು ಬೀಳಲಿಲ್ಲ, ಕಟ್ಟುವವರು ಗೋಡೆಯ ಮೇಲೆಯೇ ಗೀಚಿಕೊಂಡ ನಕ್ಷೆಗಳು ಉಳಿದುಬಿಟ್ಟವು. ಜರ್ಮನ್ ಸಂಶೋಧಕ ಲೋಥರ್ ಹಾಸೆಲ್‌ಬರ್ಗರ್ ಅವನ್ನು 1979ರಲ್ಲಿ ಕಂಡುಹಿಡಿದರು. ಕಂಬದ ಹೊಟ್ಟೆಯ ಸೂಕ್ಷ್ಮ ಉಬ್ಬನ್ನು ಬರೆಯಲು ಆ ನಕ್ಷೆ ಗೀಚಿದ ಅಂದಿನ ಮನುಷ್ಯ ಎತ್ತರದ ಒಂದು ಅಡಿಯನ್ನು ಒಂದು ಬೆರಳಗಲಕ್ಕೆ, ಎಂದರೆ ಹದಿನಾರರಲ್ಲಿ ಒಂದು ಪಾಲಿಗೆ ಕುಗ್ಗಿಸಿ, ಅಗಲವನ್ನು ಮಾತ್ರ ನಿಜ ಅಳತೆಯಲ್ಲೇ ಇಟ್ಟಿದ್ದಾನೆ. ಉಬ್ಬು ಆಗ ಕಣ್ಣಿಗೆ ಕಾಣುವಷ್ಟಾಗುತ್ತದೆ, ಅಳೆದುಕೊಳ್ಳಲೂ ಸುಲಭ. ಕಾವಲುಗಾರರು ಮುಚ್ಚುವ ಹೊತ್ತಾಯಿತು ಎಂದು ಸೀಟಿ ಊದುವವರೆಗೂ ಆ ಗೋಡೆಯ ಮುಂದೆ ನಿಂತಿದ್ದೆ. ಕೂದಲಿನಷ್ಟು ಸಣ್ಣ ಗೆರೆ. ಎಳೆದ ಕೈ ಎಲ್ಲೂ ತಡವರಿಸಿಲ್ಲ.

ಈ ದಾರಿಗೆ ಬರಬೇಕೆನ್ನುವವರಿಗೆ ನಾನು ಹೇಳುವುದು ಮೂರು ವಿಷಯ. ಕೈನಕ್ಷೆ ಬಿಡಬೇಡಿ. ಜರ್ಮನ್ ಓದಲು ಕಲಿಯಿರಿ, ಹಳೆಯ ಉತ್ಖನನಗಳ ವರದಿ ಬಹಳಷ್ಟು ಆ ಭಾಷೆಯಲ್ಲಿವೆ. ಇವತ್ತಿನ ಗ್ರೀಕ್ ಮಾತಾಡಲು ಕಲಿಯಿರಿ, ಪುಸ್ತಕದಲ್ಲಿಲ್ಲದ್ದು ತೋಟದವರಿಗೆ ಗೊತ್ತಿರುತ್ತದೆ. 47ನೆಯ ಕಲ್ಲು ಎಲ್ಲಿಂದ ಬಂತು ಎಂದು ನನಗೆ ತಿಳಿಸಿದ್ದು ಆ ಏರಿ ಕಟ್ಟಿದವರ ಮೊಮ್ಮಗಳು, ಎಂಬತ್ತು ದಾಟಿದ ಅಜ್ಜಿ. ಅವರ ತಾತ ಎತ್ತಿನ ಬಂಡಿಯಲ್ಲಿ ಇಂಥ ಎರಡು ಕಲ್ಲು ಎಳೆದು ತಂದದ್ದನ್ನು ಅವರಮ್ಮ ಹೇಳುತ್ತಿದ್ದರಂತೆ.

ಎರಡು ಕಲ್ಲು. ಇನ್ನೊಂದು ಅದೇ ಏರಿಯ ಬುಡದಲ್ಲಿದೆ, ಮುಕ್ಕಾಲು ಭಾಗ ಮಣ್ಣಿನಲ್ಲಿ, ಮೇಲೆ ಕಲ್ಲುಹೂವು ಹಬ್ಬಿದೆ. ತೋಟದವರು ಒಪ್ಪಿದ್ದಾರೆ, ಆಲಿವ್ ಬೇರಿಗೆ ಪೆಟ್ಟಾಗಬಾರದು ಎಂಬುದೊಂದೇ ಷರತ್ತು. ಅದಕ್ಕೆ 112 ಎಂದು ನಂಬರು ಕೊಟ್ಟು, ಹಾಳೆಯಲ್ಲಿ ಆರು ಚೌಕ ಎಳೆದು ಇಟ್ಟುಕೊಂಡಿದ್ದೇನೆ. 'ಯಾವ ಕಲ್ಲು' ಎಂಬಲ್ಲಿ ಏನೂ ಬರೆದಿಲ್ಲ. ಬರುವ ಜೂನ್‌ನಲ್ಲಿ ಚೈನ್ ಪುಲ್ಲಿ ಮೊದಲು ಹೋಗುವುದು ಅಲ್ಲಿಗೆ.